ಮೂರು ಬಾಟಲಿ ಬದಲಾಯಿಸಿದರೂ ನವೆ ಹೋಗಲಿಲ್ಲ

ಚಿಂತಾಮಣಿಯಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಊರವರ ಮುಖ ತೊಳೆಯುವವಳ ಮುಖವೇ ಕೆಂಪಗೆ ಊದಿಕೊಂಡಿದ್ದರೆ ಯಾರು ಬರುತ್ತಾರೆ? ಎರಡು ತಿಂಗಳು ನನ್ನ ಪಾಡು ಹಾಗೇ ಇತ್ತು.

ಶುರುವಾಗಿದ್ದು ಕಣ್ಣಿನ ರೆಪ್ಪೆಯಲ್ಲಿ. ಆಮೇಲೆ ಕೆನ್ನೆ, ಕಿವಿಯ ಹಿಂದೆ, ಕತ್ತು. ಒಂದೇ ಸಮನೆ ನವೆ. ಫೇಸ್‌ವಾಶ್ ಬದಲಾಯಿಸಿದೆ. ಹೋಗಲಿಲ್ಲ. ಸಲ್ಫೇಟ್ ಅಂದರೆ ನೊರೆ ಬರಿಸುವ ರಾಸಾಯನಿಕ; ‘ಸಲ್ಫೇಟ್ ಇಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದ ದುಬಾರಿ ಬಾಟಲಿ ತಂದೆ. ಇನ್ನೂ ಜಾಸ್ತಿ ಆಯಿತು. “ಅದನ್ನೆಲ್ಲ ಬಿಸಾಕಿ ಕಡಲೆಹಿಟ್ಟು ಹಚ್ಕೊಳ್ಳೇ” ಅಂದರು ಅಮ್ಮ. ಹಚ್ಚಿದೆ, ಸುಮ್ನೆ ಇರಲಾರದೆ ನಿಂಬೆಹಣ್ಣೂ ಹಿಂಡಿದೆ. ಕೆರೆದು ಕೆರೆದು ಒಡೆದ ಚರ್ಮಕ್ಕೆ ನಿಂಬೆರಸ! ಆ ಉರಿ ಇನ್ನೂ ಮರೆತಿಲ್ಲ. ಬೋರ್‌ವೆಲ್ ನೀರನ್ನೂ ಬೈದೆ. ಗಡಸು ನೀರಲ್ಲಿ ಸೋಪು ಸರಿಯಾಗಿ ಬಿಡದೆ ಚರ್ಮ ಕೆರಳುವುದು ನಿಜವೇ. ಆದರೆ ಹುಟ್ಟಿದಾಗಿನಿಂದ ಅದೇ ನೀರು ತಾನೆ?

ಚರ್ಮದ ಡಾಕ್ಟರ್ ಮೊದಲು ಕೇಳಿದ್ದು, “ತೊಳೆದ ತಕ್ಷಣ ಉರಿಯುತ್ತಾ, ಇಲ್ಲ ಒಂದೆರಡು ದಿನ ಬಿಟ್ಟು ನವೆ ಬರುತ್ತಾ?” ತಕ್ಷಣ ಉರಿದರೆ ಹೆಚ್ಚಾಗಿ ಅದು ಬರೀ ಕೆರಳಿಕೆ, ಯಾರಿಗೆ ಬೇಕಾದರೂ ಆಗಬಹುದು. ಅಲರ್ಜಿ ನಿಧಾನ. ವರ್ಷಗಟ್ಟಲೆ ಬಳಸಿದ ಪದಾರ್ಥಕ್ಕೂ ಒಂದು ದಿನ ಬರಬಹುದಂತೆ. ಇಷ್ಟು ವರ್ಷ ಪಾರ್ಲರ್ ನಡೆಸಿ ನನಗಿದು ಗೊತ್ತಿರಲಿಲ್ಲ.

ಯಾವ ಪದಾರ್ಥಕ್ಕೆ ಅಲರ್ಜಿ ಅಂತ ಕಂಡುಹಿಡಿಯುವ ಪ್ಯಾಚ್ ಟೆಸ್ಟ್‌ಗೆ ಬೆಂಗಳೂರಿಗೆ ಹೋದೆ. ಒಂದೊಂದು ಗುಂಡಿಯಲ್ಲಿ ಒಂದೊಂದು ಪದಾರ್ಥ ತುಂಬಿದ ಪಟ್ಟಿಗಳನ್ನು ಬೆನ್ನಿಗೆ ಅಂಟಿಸಿದರು. 48 ಗಂಟೆ ಬೆನ್ನಿಗೆ ನೀರು ಸೋಕಬಾರದು, ಬೆವರಲೂಬಾರದು. ಏಪ್ರಿಲ್‌ನಲ್ಲಿ! ಪಟ್ಟಿ ತೆಗೆದಾಗ ಒಮ್ಮೆ, ನಾಲ್ಕನೇ ದಿನ ಮತ್ತೊಮ್ಮೆ ನೋಡಿದರು. ಒಂದು ಜಾಗ ಕೆಂಪಗೆ ಗುಳ್ಳೆ ಎದ್ದಿತ್ತು. ಕೋಕಮಿಡೊಪ್ರೊಪೈಲ್ ಬೀಟೇನ್. ತೆಂಗಿನೆಣ್ಣೆಯ ಕೊಬ್ಬಿನಿಂದ ಮಾಡುವ ನೊರೆ ಪದಾರ್ಥ. 2004ರಲ್ಲಿ ಅಮೆರಿಕದ ಚರ್ಮವೈದ್ಯರ ಒಂದು ಸಂಘ ಇದನ್ನೇ ‘ವರ್ಷದ ಅಲರ್ಜಿಕಾರಕ’ ಅಂತ ಹೆಸರಿಸಿತ್ತು. ಎಷ್ಟೋ ಸಲ ತಪ್ಪು ಅದರದ್ದಲ್ಲ, ತಯಾರಿಸುವಾಗ ಅದರಲ್ಲಿ ಉಳಿದ ಕಲ್ಮಶದ್ದು.

ಮನೆಗೆ ಬಂದು ಎಲ್ಲ ಬಾಟಲಿ ನೆಲದ ಮೇಲೆ ಸಾಲಾಗಿಟ್ಟೆ. ಮೊದಲ ಸಲ ಹಿಂದಿನ ಸಣ್ಣಕ್ಷರ ಓದಿದೆ. ಮೂರು ಫೇಸ್‌ವಾಶ್‌ನಲ್ಲೂ ಅದೇ ಹೆಸರು. ಶಾಂಪೂ, ಹ್ಯಾಂಡ್‌ವಾಶ್‌ನಲ್ಲೂ ಅದೇ. ಸಲ್ಫೇಟ್ ತೆಗೆದ ಕಡೆ ನೊರೆಗೆ ಎಷ್ಟೋ ಕಂಪನಿ ಹಾಕುವುದು ಇದನ್ನೇ! ಕಿವಿಯ ಹಿಂದೆ, ಕತ್ತಿಗೆ ಇಳಿಯುತ್ತಿದ್ದುದು ಶಾಂಪೂ ನೀರು. ಎಲ್ಲ ಬಿಟ್ಟು, ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿದೆ. ಮೂರು ವಾರಕ್ಕೆ ರೆಪ್ಪೆ ಇಳಿಯಿತು.

ಈಗ ಪಾರ್ಲರ್‌ಗೆ ಹೊಸ ಫೇಸ್‌ವಾಶ್ ಬಂದರೆ ಮೊದಲು ಆ ಹೆಸರು ಹುಡುಕುತ್ತೇನೆ. ಇಲ್ಲದಿದ್ದರೆ ವಾರದ ಮಟ್ಟಿಗೆ ದಿನಕ್ಕೆರಡು ಸಲ ಮೊಣಕೈ ಒಳಮಡಿಕೆಗೆ ಹಚ್ಚಿ, ತೊಳೆದು ನೋಡುತ್ತೇನೆ. ಹಚ್ಚಿ ಬ್ಯಾಂಡೇಜ್ ಕಟ್ಟಬೇಡಿ. ತೊಳೆಯುವ ಪದಾರ್ಥವನ್ನು ಹಾಗೆ ಮುಚ್ಚಿಟ್ಟರೆ ಅಲರ್ಜಿ ಇಲ್ಲದವರ ಚರ್ಮವೂ ಸುಡುತ್ತದೆ. ನನ್ನ ಮುಖಕ್ಕೀಗ ನೊರೆಯೇ ಬರದ ಕ್ಲೆನ್ಸರ್. “ಇದೂ ಒಂದು ತೊಳೆಯೋದಾ?” ಅಂತ ಅಮ್ಮ ದಿನಾ ಕೇಳುತ್ತಾರೆ.