ಬಾಡಿಗೆ ಇಳಿಸೋಕೆ ಕೇಳೋದಾದ್ರೆ ಸ್ವಲ್ಪ ಮುಂಚೆನೇ ಕೇಳಿ

ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿರೋರಿಗೆ ಒಂದು ಮಾತು. 11 ತಿಂಗಳ ಅಗ್ರಿಮೆಂಟ್ ಮುಗಿಯೋ ದಿನ ಹೋಗಿ "ಕಷ್ಟ ಇದೆ ಸಾರ್" ಅಂದ್ರೆ ಕೆಲಸ ಆಗಲ್ಲ. ಎರಡು ತಿಂಗಳು ಮೊದಲೇ ಮಾತು ತೆಗೀರಿ. ಅದಕ್ಕೂ ಮುಂಚೆ ಒಂದು ಭಾನುವಾರ ಅಕ್ಕಪಕ್ಕದ ಕ್ರಾಸ್‌ಗಳಲ್ಲಿ ಸುತ್ತಿ, ಟು-ಲೆಟ್ ಬೋರ್ಡ್ ಇರೋ ಮನೆಗಳ ಬಾಡಿಗೆ ಕೇಳ್ಕೊಂಡು ಬನ್ನಿ.

ನಮ್ಮದು 15,000 ಬಾಡಿಗೆ. ನಾನು ಕಷ್ಟ ಹೇಳಿಕೊಳ್ಳಲಿಲ್ಲ, ಲೆಕ್ಕ ಹೇಳಿದೆ. "ಅಂಕಲ್, ನಾವು ಬಿಟ್ಟಮೇಲೆ ಮನೆ ಒಂದೇ ತಿಂಗಳು ಖಾಲಿ ಬಿದ್ರೂ ನಿಮಗೆ 15,000 ಹೋಯ್ತು. ತಿಂಗಳಿಗೆ ಸಾವಿರ ಇಳಿಸಿದ್ರೆ ವರ್ಷಕ್ಕೆ ಹೋಗೋದು 12,000 ಅಷ್ಟೇ." ಆಗ ಸುಮ್ಮನಿದ್ರು. ವಾರ ಬಿಟ್ಟು ಕರೆದು 700 ಇಳಿಸಿದ್ರು. (ಆಂಟಿ ಎದುರಿಗೇ ಮಾತಾಡಿದ್ದು ಒಳ್ಳೇದಾಯ್ತು, ಆ ಮನೆ ಹಣಕಾಸೆಲ್ಲ ಅವರದ್ದೇ!)

ಇಳಿಸಲ್ಲ ಅಂದ್ರೆ ಈ ವರ್ಷ ಏರಿಸಬೇಡಿ ಅನ್ನಿ. ಇಲ್ಲಾ ನೀರಿನ ದುಡ್ಡು ಬಾಡಿಗೆಯಲ್ಲೇ ಸೇರಿಸೋಕೆ ಕೇಳಿ. ಪೇಂಟಿಂಗ್ ವಿಷಯ ಮಾತ್ರ ಮರೀಬೇಡಿ: ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋರು ಬಹಳ ಜನ. ಅದಕ್ಕೆ ಎಷ್ಟು ಅಂತ ಈಗಲೇ ಅಗ್ರಿಮೆಂಟ್‌ನಲ್ಲಿ ಬರೆಸಿ.

ಅಡ್ವಾನ್ಸ್ ಹೆಚ್ಚು ಕೊಟ್ಟು ಬಾಡಿಗೆ ಇಳಿಸಿಕೊಳ್ಳೋ ದಾರಿನೂ ಇದೆ. ಆದರೆ ಸಾಲ ತಂದು ಕೊಡಬೇಡಿ, ಉಳಿದಿದ್ದೆಲ್ಲ ಬಡ್ಡಿಗೇ ಹೋಗುತ್ತೆ.