ಮಣ್ಣಿನ ಕುಲುಮೆಯಲ್ಲಿ ಅದಿರಿನಿಂದ ಕಬ್ಬಿಣ ತೆಗೆದ ಬಗೆ

ಸರ್ಬಿಯಾದ ಬೆಲೊವೊಡೆಯಲ್ಲಿ ಕ್ರಿ.ಪೂ. 5000ರ ಹೊತ್ತಿಗೇ ಅದಿರಿನಿಂದ ತಾಮ್ರ ತೆಗೆಯುತ್ತಿದ್ದರು. ಪಶ್ಚಿಮ ಏಷ್ಯಾದಲ್ಲಿ ಕಬ್ಬಿಣ ದಿನಬಳಕೆಗೆ ಬಂದದ್ದು ಕ್ರಿ.ಪೂ. 1200ರ ನಂತರ. ನಡುವಿನ ಮೂರೂವರೆ ಸಾವಿರ ವರ್ಷಕ್ಕೂ ಮಿಕ್ಕ ಅಂತರಕ್ಕೆ ಕಾರಣ ಕುಲುಮೆ ಒಡೆದಾಗ ಕಣ್ಣಿಗೇ ಕಾಣುತ್ತದೆ. ತಾಮ್ರ 1085 ಡಿಗ್ರಿಗೆ ಕರಗಿ ತಾನಾಗಿ ತಳದಲ್ಲಿ ಸೇರಿಕೊಳ್ಳುತ್ತದೆ. ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಇಂಥ ಕುಲುಮೆಯಲ್ಲಿ ಅದು ಹರಿಯುವುದೇ ಇಲ್ಲ, ಅದಿರಿನ ಕಲ್ಮಶ ಕರಗಿ ಆದ ಕಿಟ್ಟದ ನಡುವೆ ತೂತುತೂತಾದ ಮುದ್ದೆಯಾಗಿ ಉಳಿಯುತ್ತದೆ. ಗೊತ್ತಿಲ್ಲದವರು ಅದನ್ನೂ ಕಿಟ್ಟದ ಜೊತೆಗೇ ಎಸೆಯುತ್ತಾರೆ.

ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸಿಕ್ಕ ಕಬ್ಬಿಣ ಸುಮಾರು ಕ್ರಿ.ಪೂ. 1000ದ್ದು. ನಾವು ಕಟ್ಟಿದ ಕುಲುಮೆ ಯಾವುದೇ ಒಂದು ಊರಿನ ನಕಲಲ್ಲ. ಕಿಟ್ಟ ಇಳಿದು ಮುದ್ದೆ ಉಳಿಯುವ ಹಳೆಯ ಬಗೆಯ ಕುಲುಮೆ, ಅಷ್ಟೇ.

ಒಳವ್ಯಾಸ 28 ಸೆಂ.ಮೀ., ಎತ್ತರ 1 ಮೀಟರ್, ಗೋಡೆಯ ದಪ್ಪ 10 ಸೆಂ.ಮೀ. ಜೇಡಿಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಮೂರನ್ನೂ ಬುಟ್ಟಿಯ ಲೆಕ್ಕದಲ್ಲಿ ಸಮವಾಗಿ ಬೆರೆಸಿ ತುಳಿದೆವು. ಮರಳು ಇಲ್ಲದಿದ್ದರೆ ಮಣ್ಣು ಒಣಗುವಾಗ ಕುಗ್ಗಿ ಸೀಳುತ್ತದೆ. ಹುಲ್ಲು ಸುಟ್ಟುಹೋದ ಜಾಗದಲ್ಲಿ ಉಳಿಯುವ ಸಣ್ಣ ರಂಧ್ರಗಳಿಂದ ಹಬೆ ಹೊರಬೀಳುತ್ತದೆ. ಎರೆಮಣ್ಣು ಮಾತ್ರ ಬೇಡವೇ ಬೇಡ, ನೆಂದರೆ ಉಬ್ಬಿ ಒಣಗಿದರೆ ಬಾಯಿ ಬಿಡುವ ಮಣ್ಣು ಅದು. ಹುತ್ತದ ಮಣ್ಣು ಸಿಕ್ಕರೆ ಊದುಗೊಳವೆಗೆ ಎತ್ತಿಡಿ. ಬಿದಿರಿನ ತಟ್ಟಿಯನ್ನು ಸುತ್ತಿ ನಿಲ್ಲಿಸಿ, ಅದರ ಸುತ್ತ ದಿನಕ್ಕೆ 25 ಸೆಂ.ಮೀ.ನಂತೆ ಗೋಡೆ ಏರಿಸಿದೆವು. ಹತ್ತು ದಿನ ನೆರಳಿನಲ್ಲಿ ಒಣಗಿದ ಮೇಲೆ ಒಳಗೆ ಸಣ್ಣ ಸೌದೆ ಬೆಂಕಿ. ಮುಂಭಾಗದಲ್ಲಿ ನೆಲಕ್ಕೆ ತಾಗಿದಂತೆ ಒಂದು ಕಿಂಡಿ ಬಿಟ್ಟು ಹಸಿ ಮಣ್ಣಿನಿಂದ ಮುಚ್ಚಬೇಕು. ಕೊನೆಗೆ ಮುದ್ದೆ ಎಳೆಯುವುದು ಅಲ್ಲಿಂದಲೇ.

ಕೆಲಸ ಕೆಡುವುದು ಹೆಚ್ಚಾಗಿ ಊದುಗೊಳವೆಯಲ್ಲಿ. ನಮ್ಮದರ ಒಳತೂತು 2.5 ಸೆಂ.ಮೀ. ತಳದಿಂದ 20 ಸೆಂ.ಮೀ. ಮೇಲೆ, 20 ಡಿಗ್ರಿ ಕೆಳಕ್ಕೆ ಬಾಗಿಸಿ, ಗೋಡೆಯಿಂದ 5 ಸೆಂ.ಮೀ. ಒಳಗೆ ಚಾಚಿದ್ದೆವು. ಮಟ್ಟವಾಗಿ ಇಟ್ಟರೆ ಕಾವು ಗೋಡೆಯ ಪಕ್ಕದಲ್ಲೇ ನಿಂತು ಗೋಡೆಯೇ ಕರಗಿ ಇಳಿಯುತ್ತದೆ. ತೀರ ಕೆಳಗಿಟ್ಟರೆ ಕಿಟ್ಟ ಏರಿ ಬಾಯಿ ಮುಚ್ಚುತ್ತದೆ. ಗೊಳವೆಯ ಹಿಂದಿನ ಬದಿಯಲ್ಲಿ ಸರಳು ತೂರಿಸುವಷ್ಟು ಬಿರಡೆಯ ತೂತು ಇರಲಿ, ಎರಡು ಮೂರು ಸಲವಾದರೂ ಚುಚ್ಚಿ ಬಿಡಿಸಬೇಕಾಗುತ್ತದೆ.

ಗಾಳಿ ನಿಮಿಷಕ್ಕೆ 700ರಿಂದ 800 ಲೀಟರ್. ಹಿಂದಿನವರು ಚರ್ಮದ ತಿದಿಗಳನ್ನು ಒಂದಾದ ಮೇಲೊಂದು ಒತ್ತುತ್ತಿದ್ದರು. ನಾವು ಬ್ಲೋವರ್ ಇಟ್ಟೆವು. ಗಂಟೆಗಟ್ಟಲೆ ತಿದಿ ಒತ್ತಲು ಆಳಿನ ಮೇಲೆ ಆಳು ಬೇಕು, ನಡುವೆ ಕೈ ನಿಂತರೆ ಕುಲುಮೆ ತಣ್ಣಗಾಗುತ್ತದೆ. ಗಾಳಿ ಸರಿಯಿದೆಯೇ ಎಂದು ತಿಳಿಯಲು ಮಾಪಕ ಬೇಕಿಲ್ಲ. ಒಂದೂವರೆ ಕೆಜಿ ಇದ್ದಿಲು ಇಳಿಯಲು 9–10 ನಿಮಿಷ ಹಿಡಿಯಬೇಕು. ಆರೇ ನಿಮಿಷದಲ್ಲಿ ಇಳಿದರೆ ಗಾಳಿ ಹೆಚ್ಚು; ಹದಿನೈದಾದರೆ ಕಡಿಮೆ, ಇಲ್ಲವೇ ಇದ್ದಿಲ ಪುಡಿ ದಾರಿ ಕಟ್ಟಿದೆ.

ಅದಿರು ಹೆಮಟೈಟ್. ಸೌದೆಯ ಮೇಲೆ ಕೆಂಪಗೆ ಕಾಯಿಸಿದರೆ ನೀರಿನ ಅಂಶ ಹೋಗಿ, ಸೀಳು ಬಿದ್ದು, ಸುತ್ತಿಗೆಗೆ ಸುಲಭವಾಗಿ ಒಡೆಯುತ್ತದೆ. ತೊಗರಿಕಾಳಿನಿಂದ ಕಡಲೆಬೀಜದವರೆಗಿನ ಗಾತ್ರ ಸಾಕು. ದಪ್ಪ ತುಂಡಿನ ನಡುಭಾಗ ಅದಿರಾಗಿಯೇ ಕೆಳಗೆ ಬರುತ್ತದೆ. ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ.

ಒಳ್ಳೆಯ ಅದಿರಿನದೇ ಒಂದು ತೊಂದರೆ ಇದೆ. ಮೊದಲ ಸಲ ಶುದ್ಧ ಹೆಮಟೈಟನ್ನೇ ಹಾಕಿದೆವು, ಕಿಟ್ಟವೇ ಆಗಲಿಲ್ಲ. ಕಬ್ಬಿಣದ ಕಣಗಳು ಒಂದಕ್ಕೊಂದು ಬೆಸೆಯಲು, ಊದುವ ಗಾಳಿಗೆ ಮತ್ತೆ ಸುಡದೆ ಉಳಿಯಲು ಸುತ್ತ ದ್ರವ ಕಿಟ್ಟದ ಹೊದಿಕೆ ಬೇಕು. ಸುಮಾರು 1200 ಡಿಗ್ರಿಗೆ ಕರಗುವ ಈ ಕಿಟ್ಟ ಆಗುವುದು ಸಿಲಿಕಾ ಮತ್ತು ಕಬ್ಬಿಣದ ಆಕ್ಸೈಡ್ ಸೇರಿ. 24 ಕೆಜಿ ಅದಿರಿಗೆ 1 ಕೆಜಿ ನುಣ್ಣನೆ ಮರಳು ಬೆರೆಸಿದ ಮೇಲೆ ಕೆಲಸ ಸರಿಹೋಯಿತು. ಆ 1 ಕೆಜಿ ಮರಳು ಸುಮಾರು 1.9 ಕೆಜಿ ಕಬ್ಬಿಣವನ್ನು ತಿಂದುಹಾಕುತ್ತದೆ. ಈ ನಷ್ಟ ತಪ್ಪಿದ್ದಲ್ಲ. ಹಳೆಯ ಕುಲುಮೆಗಳ ಪಕ್ಕ ಸಿಗುವ ಕಿಟ್ಟ ಕೈಗೆ ಅಷ್ಟು ಭಾರ ಅನಿಸುವುದು ಇದರಿಂದಲೇ.

ಒಂದೂವರೆ ಗಂಟೆ ಸೌದೆಯಲ್ಲಿ ಕಾಯಿಸಿ, ಕುಲುಮೆಯ ಬಾಯಿಯವರೆಗೆ ಇದ್ದಿಲು ತುಂಬಿ ಗಾಳಿ ಬಿಟ್ಟೆವು. ಮೇಲೆ ಬರುವ ಅನಿಲಕ್ಕೆ ಕೂಡಲೇ ಕಿಚ್ಚು ಹಚ್ಚಬೇಕು. ಅದು ಕಾರ್ಬನ್ ಮಾನಾಕ್ಸೈಡ್, ಉರಿ ಆರಿದರೆ ವಿಷ. ಆದ್ದರಿಂದ ಬಯಲಲ್ಲೇ ಮಾಡಿ. ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುವುದೂ ಇದೇ ಅನಿಲ. ತೆರೆದ ಒಲೆಯಲ್ಲಿ ಎಷ್ಟು ಕಾಯಿಸಿದರೂ ಅದಿರು ಅದಿರಾಗಿಯೇ ಉಳಿಯುತ್ತದೆ. ಅಡುಗೆ ಒಲೆಗೆ ಕಲ್ಲು ಬಿದ್ದು ಲೋಹ ಹುಟ್ಟಿತೆಂಬ ಕತೆಯನ್ನು ನಾನು ನಂಬದಿರುವುದು ಇದಕ್ಕೇ.

ಪ್ರತಿ ಸಲವೂ ಇದ್ದಿಲು 1.5 ಕೆಜಿ. ಅದಿರು ಮೊದಲು ಅರ್ಧ ಕೆಜಿ, ಆಮೇಲೆ 1, ನಂತರ ಕೊನೆಯವರೆಗೂ 1.5. ಸುಮಾರು ಮೂರು ಗಂಟೆಯಲ್ಲಿ 24 ಕೆಜಿ ಅದಿರು ಒಳಗೆ ಹೋಯಿತು. ಒಟ್ಟು ಇದ್ದಿಲು ಹತ್ತಿರ ಹತ್ತಿರ 50 ಕೆಜಿ. ಗೊಳವೆಯಿಂದ ಗುಳುಗುಳು ಸದ್ದು ಬಂದರೆ ಕಿಟ್ಟ ಬಾಯಿಗೆ ಬಂದಿದೆ ಎಂದರ್ಥ. ಆಗ ತಳದಲ್ಲಿ ತೂತು ಕೊರೆದು ಇಳಿಸಬೇಕು. ಜೋನಿಬೆಲ್ಲದಂತೆ ಕಪ್ಪಗೆ ಹರಿದರೆ ಹದ ಸರಿ. ಹಸಿರು ಗಾಜಿನಂತೆ ಬಂದರೆ ಕಾವೂ ಇದ್ದಿಲೂ ಮಿತಿಮೀರಿವೆ: ಕಬ್ಬಿಣ ಇಂಗಾಲ ಹೀರಿ ಬೀಡುಕಬ್ಬಿಣವಾಗುತ್ತದೆ, ಸುತ್ತಿಗೆ ಬಿದ್ದೊಡನೆ ಪುಡಿ. ಆಗ ಅದಿರಿನ ಪಾಲು ಏರಿಸಿ.

ಕೊನೆಯ ಅದಿರು ಹಾಕಿ, ಅದು ಊದುಗೊಳವೆಯ ಮಟ್ಟಕ್ಕೆ ಇಳಿಯುವವರೆಗೂ ಕಾದ ಮೇಲೆ ಮುಂದಿನ ಕಿಂಡಿ ಒಡೆದೆವು. ಮುದ್ದೆ ಊದುಗೊಳವೆಯ ಕೆಳಗೆ ಗೋಡೆಗೆ ಅಂಟಿರುತ್ತದೆ, ಸರಳಿನಿಂದ ಮೀಟಿ ಇಕ್ಕಳದಲ್ಲಿ ಎಳೆಯಬೇಕು. ಮೊದಲ ಪೆಟ್ಟು ಮರದ ಕೊರಡಿನ ಮೇಲೆ, ಮರದ ಕೊಡತಿಯಿಂದಲೇ. ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಸಡಿಲವಾದದ್ದೆಲ್ಲ ಚೂರಾಗಿ ಸಿಡಿಯುತ್ತದೆ. ಐದೂವರೆ ಕೆಜಿ ಮುದ್ದೆಯನ್ನು ಹಳದಿ-ಬಿಳಿ ಕಾವಿಗೆ ತಂದು ಬಡಿದು, ಮಡಿಸಿ, ಮತ್ತೆ ಬಡಿದು ಕಿಟ್ಟ ಹಿಂಡಿದ ಮೇಲೆ ಉಳಿದ ಪಟ್ಟಿ 3 ಕೆಜಿಗೂ ಕಡಿಮೆ.

ಇಷ್ಟೆಲ್ಲ ಮಾಡಿ ಬಂದ ಮೆತು ಕಬ್ಬಿಣ ಚೆನ್ನಾಗಿ ಬಡಿದ ಕಂಚಿಗಿಂತ ಮೃದು! ಆದರೂ ಹಬ್ಬಿತು. ಕಂಚಿಗೆ ತವರ ಬೇಕು, ತವರ ಎಲ್ಲೆಡೆ ಸಿಗದು. ಕ್ರಿ.ಪೂ. 14ನೇ ಶತಮಾನದ ಕೊನೆಗೆ ಟರ್ಕಿಯ ಉಲುಬುರುನ್ ಬಳಿ ಮುಳುಗಿದ ಹಡಗಿನಲ್ಲಿ ಸುಮಾರು 10 ಟನ್ ತಾಮ್ರದ ಜೊತೆ 1 ಟನ್ ತವರ ಇತ್ತು. ಅಂಥ ದೂರದ ಸಾಗಣೆಯ ಹಂಗಿಲ್ಲದೆ ಕಬ್ಬಿಣದ ಅದಿರು ಊರ ಗುಡ್ಡದಲ್ಲೇ ಸಿಗುತ್ತದೆ. ಮುದ್ದೆಯ ಚೂರನ್ನು ಸೌದೆ ಚಕ್ಕೆಯ ಜೊತೆ ಮೂಸೆಯಲ್ಲಿ ಮೆತ್ತಿ ಕರಗಿಸಿದರೆ ಉಕ್ಕು. ಯುರೋಪಿನವರು ವೂಟ್ಸ್ ಎಂದದ್ದು ನಮ್ಮ ಈ ಪದವನ್ನೇ ಎಂಬ ಮಾತು ಪ್ರಚಲಿತ. ಮೂಸೆಯ ಮಣ್ಣಿನ ಹದವೇ ಬೇರೆ, ಅದಕ್ಕೆ ಈ ಕುಲುಮೆ ಸಾಲದು.

ಕುಲುಮೆ ಕೆಡವಬೇಡಿ. ಊದುಗೊಳವೆಯ ಸುತ್ತ ಗೋಡೆ 3–4 ಸೆಂ.ಮೀ. ಸವೆದಿರುತ್ತದೆ. ಅಂಟಿದ ಕಿಟ್ಟ ಕೆರೆದು, ಗೋಡೆ ನೆನೆಸಿ, ಅದೇ ಮಣ್ಣು ಮೆತ್ತಿ, ಹೊಸ ಗೊಳವೆ ಕೂರಿಸಿದರೆ ಇನ್ನೆರಡು ಮೂರು ಸಲ ನಡೆಯುತ್ತದೆ.