ಹಳೇ ಕಾಫಿ ಗೋಡೌನು, ಹಳೇ ಮರ, ಗೆಸ್ಟ್ ಉಳಿಯೋ ಹಂಗೆ ಮಾಡೋದು ಹೆಂಗೆ

ಮೂಡಿಗೆರೆ, ಸಕಲೇಶಪುರ ಕಡೆ ತೋಟ ಇರೋರ ಹಿತ್ತಲಲ್ಲಿ ಒಂದು ಗೋಡೌನೋ ದನದ ಕೊಟ್ಟಿಗೆನೋ ಪಾಳು ಬಿದ್ದೇ ಇರುತ್ತೆ, ಒಳಗೆ ಹರಿದ ಗೋಣಿಚೀಲ, ತುಕ್ಕು ಹಿಡಿದ ಪಲ್ಪರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್ನು), ಬಾವಲಿ. ನಮ್ದೂ ಹಂಗೇ ಇತ್ತು. ಕೆಡವಿ ಆರ್‌ಸಿಸಿ ಹಾಕ್ಸು ಅಂದ್ರು ಎಲ್ರೂ, ನಾನು ಕೇಳ್ಲಿಲ್ಲ, ಈಗ ಕೆಳಗೆ ಹನ್ನೆರಡು ಜನ ಕೂತು ಊಟ ಮಾಡ್ತಾರೆ, ಅಟ್ಟದಲ್ಲಿ ನಾಲ್ಕು ಜನ ಮಲಗ್ತಾರೆ.

ಸೋಫಾ, ಲೈಟು ಎಲ್ಲ ಆಮೇಲೆ. ಮೊದ್ಲು ಒಂದು ಸ್ಕ್ರೂಡ್ರೈವರ್ ತಗೊಂಡು ಏಣಿ ಹತ್ತಿ. ತೊಲೆ ನಡುವೆ ಚುಚ್ಚಿ ನೋಡಿ ಗಟ್ಟಿ ಇದೆ ಅಂತ ಇಳಿದುಬಿಡ್ಬೇಡಿ, ಕೊಳೆಯೋದು ಗೋಡೆ ಒಳಗೆ ಹೂತಿರೋ ತುದಿ, ಯಾಕಂದ್ರೆ ಮಳೆಗಾಲದ ಥಂಡಿ ಗೋಡೆಯಿಂದ ಅಲ್ಲಿಗೇ ಇಳಿಯೋದು. ನಮ್ಮ ಏಳು ತೊಲೇಲಿ ಮೂರರ ತುದಿ ರವೆ ಥರ ಉದುರ್ತು. ಹಂಗಂತ ಇಡೀ ತೊಲೆ ತೆಗೀಬೇಡಿ. ಕೆಳಗೆ ಜಾಕಿ ಕೊಟ್ಟು, ಕೊಳೆತಷ್ಟು ಕೊಯ್ದು, ಅದೇ ಜಾತಿಯ ಹಳೇ ಮರದ ತುಂಡನ್ನ ಓರೆ ಸೀಳಲ್ಲಿ ಕೂರ್ಸಿ ಬೋಲ್ಟ್ ಹಾಕಿ, ಸೀಳು ತೊಲೆ ಎತ್ತರದ ಮೂರು ಪಟ್ಟು ಉದ್ದ ಆದ್ರೂ ಇರ್ಲಿ. ಹೊಸ ತುದಿ ಸುತ್ತ ಸಿಮೆಂಟ್ ಮೆತ್ತಬೇಡಿ, ಬೆರಳು ಹೋಗೋಷ್ಟು ಗಾಳಿ ಸಂದು ಬಿಡಿ. ಅಟ್ಟದ ಮೇಲೆ ಜನ ಮಲಗ್ತಾರೆ ಅಂದ್ರೆ ಮಾತ್ರ ಒಬ್ಬ ಇಂಜಿನಿಯರ್‌ಗೆ ತೋರ್ಸಿ, ಇದ್ರಲ್ಲಿ ಆಚಾರಿ ಮಾತು ಸಾಲ್ದು.

ಮರ ಎಲ್ಲಿ ಸಿಗುತ್ತೆ? ಹಾಸನ, ಚಿಕ್ಕಮಗಳೂರಲ್ಲಿ ಹಳೇ ಮನೆ ಕೆಡವ್ತಾನೇ ಇರ್ತಾರೆ, ಹಲಸು, ಮತ್ತಿ, ಹೊನ್ನೆ ಸಿಕ್ರೆ ಕಣ್ಮುಚ್ಚಿ ತಗೊಳ್ಳಿ. ಕಣ್ಮುಚ್ಚಿ ಅಂದ್ನಾ, ಇಲ್ಲ, ಕಣ್ಬಿಟ್ಟು. ನೆಲದಲ್ಲಿ ಸಣ್ಣ ಹಿಟ್ಟು ಉದುರಿದ್ರೆ ಕುಟ್ಟೆಹುಳ ಇನ್ನೂ ಒಳಗಿದೆ ಅಂತ. ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಎಲ್ಲಾ ಕಡೆ ಸವರಿ ಮೊಳೆ ಕೀಳಿ, ತಲೆ ಮುರಿದು ಒಳಗೇ ಉಳಿದ ಒಂದು ಮೊಳೆ ಸಾಕು, ಸಾಮಿಲ್ಲಿನವ್ರು ಬ್ಲೇಡಿನ ದುಡ್ಡು ನಿಮ್ಮ ಹತ್ರಾನೇ ಕೇಳ್ತಾರೆ. ಬೀಟೆ, ತೇಗ ಆದ್ರೆ ಲಾರಿಗೆ ತುಂಬೋ ಮುಂಚೆನೇ ಅರಣ್ಯ ಇಲಾಖೆ ರೇಂಜ್ ಆಫೀಸಲ್ಲಿ ಪರ್ಮಿಟ್ ವಿಚಾರ್ಸಿ, ಕೆಡವಿದ ಮನೆ ಫೋಟೋ, ಬಿಲ್ಲು ಇಟ್ಕೊಳ್ಳಿ.

ತಂದ ಮರಾನ ನೆರಳಲ್ಲಿ ಮಧ್ಯೆ ಮಧ್ಯೆ ರೀಪು, ಅಂದ್ರೆ ತೆಳು ಮರದ ಪಟ್ಟಿ, ಇಟ್ಟು ಒಂದು ತಿಂಗಳು ಪೇರ್ಸಿ, ಬಿಸಿಲಿಗೆ ಹಾಕಿದ್ರೆ ಸೀಳುತ್ತೆ. ಆಮೇಲೆ ಹುಳ ಹಿಡೀದಂಗೆ ಬೋರಾಕ್ಸ್, ಬೋರಿಕ್ ಆಸಿಡ್ ನೀರಲ್ಲಿ ಕಲಸಿ ಎರಡು ಮೂರು ಸಲ ಬಳೀರಿ. ಎಣ್ಣೆ ಮೊದ್ಲು ಹಚ್ಚಿಬಿಟ್ರೆ ಆ ನೀರು ಒಳಗೆ ಇಳಿಯೋದೇ ಇಲ್ಲ. ಈ ಬೋರಾಕ್ಸ್ ಮಳೆಗೆ ತೊಳೆದು ಹೋಗುತ್ತೆ ಕೂಡ, ಅದಕ್ಕೆ ಸೂರಿನ ಹೊರಗಿರೋ ಮರಕ್ಕೆ ಗೇರುಬೀಜದ ಸಿಪ್ಪೆಯ ಗೇರೆಣ್ಣೆನೇ ಸರಿ. ಒಳಗೆ ಅಗಸೆ ಎಣ್ಣೆ ಹಚ್ತೀರಾದ್ರೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಬಿಸಿಯಾಗಿ ಹೊತ್ಕೊಳುತ್ತೆ, ನೀರಲ್ಲಿ ಮುಳುಗ್ಸಿ ಇಡಿ. ವಾರ್ನಿಷ್ ಪಳಪಳ ಹೊಡೆಯೋದು ನಂಗಂತೂ ಆಗಲ್ಲ, ನಮ್ಮ ಒಂದು ಕಂಬದ ಮೇಲೆ ಚೀಲ ಎಣಿಸಿದ ಸುಣ್ಣದ ಗೀರು ಐದೈದರ ಗುಂಪಲ್ಲಿ ಹಂಗೇ ಇದೆ, ಬಂದೋರೆಲ್ಲ ಮೊದ್ಲು ಅದನ್ನೇ ನೋಡೋದು.

ಹೆಂಚಿನ ವಿಷ್ಯದಲ್ಲಿ ನಾನು ಬುದ್ಧಿ ಕೆಟ್ಟೆ. ಡಿಸೆಂಬರ್, ಜನವರೀಲಿ ಆಳು ಎಲ್ಲ ಕಾಫಿ ಕುಯ್ಲಿಗೆ ಹೋಗಿರ್ತಾರೆ, ಸಿಗೋದೇ ಇಲ್ಲ, ಅದಕ್ಕೆ ಮಾರ್ಚಲ್ಲಿ ಶುರು ಮಾಡಿ ಒಂದೇ ದಿನ ಇಡೀ ಮಾಡು ಬಿಚ್ಚಿಸ್ದೆ. ಮಾರನೇ ಸಂಜೆ ಹೂಮಳೆ, ಕಾಫಿ ಹೂ ಅರಳಿಸೋ ಮಳೆ. ತೋಟಕ್ಕೆ ಚಿನ್ನ, ನನ್ನ ಮಣ್ಣಿನ ಗೋಡೆಗೆ ಗಂಡಾಂತರ, ಒಂದು ಮೂಲೆ ಕರಗಿ ಕೂತ್ಕೊಂಡ್ತು. ಒಂದೊಂದು ಅಂಕಣ ಬಿಚ್ಚಿ, ಹೆಂಚು ಹೊರೋ ಪಕಾಸಿ, ರೀಪು ಸರಿ ಮಾಡಿ, ಹೊದಿಸಿ, ಮುಂದಕ್ಕೆ ಹೋಗಿ, ಟಾರ್ಪಾಲ್ ಪಕ್ಕದಲ್ಲೇ ಇರ್ಲಿ. ಹಳೇ ಮಂಗಳೂರು ಹೆಂಚು ಬಿಸಾಡ್ಬೇಡಿ, ಬಾಸೆಲ್ ಮಿಷನ್‌ನವ್ರು ಅಲ್ಲಿ ಫ್ಯಾಕ್ಟರಿ ಹಾಕಿದ್ದು 1865ರಲ್ಲಿ, ಹಿಂದೆ ತಿರುಗ್ಸಿ ಮುದ್ರೆ ನೋಡಿ, ಬೆರಳಲ್ಲಿ ತಟ್ಟಿ, ಟಣ್ ಅಂದ್ರೆ ಇಟ್ಕೊಳ್ಳಿ, ದಬ್ ಅಂದ್ರೆ ಬಿರುಕು.

ಗೋಡೆಗೆ ಸುಣ್ಣದ ಗಾರೆ, ಮಣ್ಣಿನ ಮೇಲೆ ಸಿಮೆಂಟ್ ನಿಲ್ಲಲ್ಲ. ವೈರಿಂಗ್ ಎಲ್ಲ ಪೈಪಲ್ಲಿ, ಇಲಿ ಇರುತ್ತೆ. ಹೋಮ್‌ಸ್ಟೇ ಅಂತ ಪ್ರವಾಸೋದ್ಯಮ ಇಲಾಖೇಲಿ ನೋಂದಣಿ ಮಾಡ್ಸಿ.

ಬುಕಿಂಗ್ ತಗೊಳ್ಳೋ ಮುಂಚೆ ಜೂನ್ ಮಳೇಲಿ ಒಂದು ರಾತ್ರಿ ಟಾರ್ಚು, ಚಾಕ್‌ಪೀಸು ಹಿಡ್ಕೊಂಡು ಆ ಅಟ್ಟದಲ್ಲಿ ನೀವೇ ಮಲಗಿ, ಎಲ್ಲೆಲ್ಲಿ ತೊಟ್ಟಿಕ್ಕುತ್ತೋ ಅಲ್ಲೆಲ್ಲ ಗುರುತು ಹಾಕಿ. ನಂಗೆ ಹದಿನೊಂದು ಸಿಕ್ತು, ಅದ್ರಲ್ಲಿ ಒಂದು ಸರಿಯಾಗಿ ದಿಂಬಿನ ಮೇಲೆ.